ಶಾಂತಿಯ ಎಡಗೈ



ದೇಹ ಹಾಸಿಗೆಯ ಮೇಲಿದ್ದರೂ ಮನಸ್ಸು ಇನ್ನೂ ಬೀದಿಯಲ್ಲೇ ಅಲೆಯುತ್ತಿರುವ ರಾತ್ರಿಗಳು ನಿಮಗೂ ಬಂದಿರಬಹುದು. ದಣಿದವರಿಗೆಲ್ಲ ವಿಶ್ರಾಂತಿ ತಾನಾಗಿ ಒದಗುವುದಿಲ್ಲ. ಬೆಳಗ್ಗೆ ಶವಸಂಸ್ಕಾರ, ಮಧ್ಯಾಹ್ನ ಒಡೆದ ಮನೆಯೊಂದರ ಕಣ್ಣೀರು, ಸಂಜೆ ಮದುವೆಯ ಸಿದ್ಧತೆ – ಇವೆಲ್ಲವನ್ನೂ ಹೊತ್ತು ಗುರುನಿವಾಸದ ಬಾಗಿಲು ಮುಚ್ಚಿದಾಗ ನನ್ನ ಕಿವಿ ಬಯಸುವುದು ಮಾತಿಲ್ಲದ ಸಂಗೀತವನ್ನು. ಸಾಹಿತ್ಯವುಳ್ಳ ಹಾಡು ಎಷ್ಟೇ ಮಧುರವಾಗಿದ್ದರೂ ಅರ್ಥದ ಕಡೆಗೆ ಗಮನ ಬೇಡುತ್ತದೆ. ದಿನವಿಡೀ ಮಾತನ್ನೇ ಕೇಳಿದವನಿಗೆ ಅದೂ ಭಾರವೇ.

ಹೀಗೆ ನನಗೆ ಒಲಿದದ್ದು ಜಾಝ್ ಪಿಯಾನೊ. ಜಾಝ್ ಎಂದೊಡನೆ ತುತ್ತೂರಿ, ಡ್ರಮ್ಮುಗಳ ಅಬ್ಬರ ನೆನಪಾಗುವುದು ಸಹಜ. ಆದರೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ರೂಪುಗೊಂಡ ಈ ಸಂಗೀತಕ್ಕೆ ಮೃದುವಾದ ಮುಖವೂ ಉಂಟು. ನಮ್ಮ ವಿದ್ವಾಂಸರು ‘ಮನೋಧರ್ಮ’ ಎನ್ನುವ ಗುಣ, ಅಂದರೆ ನುಡಿಸುತ್ತಿರುವಾಗಲೇ ಹೊಸದನ್ನು ಹುಟ್ಟಿಸುವ ಕಲೆ, ಅದರ ಜೀವಾಳ.

ಒಂದು ಉದಾಹರಣೆ ಕೊಡುತ್ತೇನೆ. ಬಿಲ್ ಇವಾನ್ಸ್ ಎಂಬ ವಾದಕ 1958ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಒಬ್ಬನೇ ಕುಳಿತು ನುಡಿಸಿದ ‘ಪೀಸ್ ಪೀಸ್’. ಮೊದಲ ಪದ ಶಾಂತಿ, ಎರಡನೆಯದು ಕೃತಿ, ‘ಶಾಂತಿಕೃತಿ’ ಎನ್ನೋಣ. ಸುಮಾರು ಆರೂವರೆ ನಿಮಿಷಗಳ ಈ ಕೃತಿಯಲ್ಲಿ ಎಡಗೈ ಎರಡೇ ಸ್ವರಗುಚ್ಛಗಳನ್ನು ಮತ್ತೆ ಮತ್ತೆ ನುಡಿಸುತ್ತದೆ, ನಮ್ಮ ತಂಬೂರಿಯ ಶ್ರುತಿಯಂತೆ. ಬಲಗೈ ಮೊದಲು ಸರಳವಾಗಿ ಹಾಡುತ್ತದೆ. ಬರಬರುತ್ತ ಹಕ್ಕಿಗಳಂತೆ ಚಿಲಿಪಿಲಿಗುಟ್ಟುತ್ತದೆ, ಕಿವಿಗೆ ಹೊಂದದ ಸ್ವರಗಳತ್ತ ಅಲೆಯುತ್ತದೆ. ಎಡಗೈ ಅದನ್ನು ಗದರುವುದಿಲ್ಲ, ಬೆನ್ನಟ್ಟುವುದೂ ಇಲ್ಲ. ತನ್ನ ನಡಿಗೆಯನ್ನು ಬಿಡದೆ ಕಾಯುತ್ತದೆ. ಕೊನೆಗೆ ಬಲಗೈ ತಾನಾಗಿ ಮರಳಿ ಬಂದು ಅದರ ಪಕ್ಕದಲ್ಲಿ ಶಾಂತವಾಗುತ್ತದೆ.

ನನ್ನ ತಾಯಿ ತೀರಿಕೊಂಡ ವರ್ಷ ಈ ಕೃತಿಯನ್ನು ಎಷ್ಟು ರಾತ್ರಿ ಕೇಳಿದೆನೋ ಲೆಕ್ಕವಿಲ್ಲ. ಸಾವಿನ ಮನೆಗಳಲ್ಲಿ ನಾನು ಆಡುತ್ತ ಬಂದ ಸಾಂತ್ವನದ ಮಾತುಗಳನ್ನು ಆಗ ಬಹಳ ಮಂದಿ ಪ್ರೀತಿಯಿಂದ ನನಗೆ ಹೇಳಿದರು. ಕತ್ತಲಲ್ಲಿ ಕುಳಿತಾಗ ಆ ಎಡಗೈ ನನಗೆ ಏನನ್ನೂ ಹೇಳಲಿಲ್ಲ, ಸುಮ್ಮನೆ ಜೊತೆಗಿತ್ತು. ದುಃಖ ಕರಗಲಿಲ್ಲ, ಆದರೆ ಉಸಿರು ನಿಧಾನವಾಯಿತು. ಕೆಲವು ರಾತ್ರಿ ನಿದ್ರೆಯೂ ಬಂತು.

ಇಷ್ಟು ಶಾಂತವಾಗಿ ನುಡಿಸಿದವನ ಬದುಕು ಶಾಂತವಾಗಿರಲಿಲ್ಲ. ಇವಾನ್ಸ್ ವರ್ಷಗಟ್ಟಲೆ ಮಾದಕ ವಸ್ತುಗಳ ಹಿಡಿತದಲ್ಲಿದ್ದವನು. 1961ರ ಜೂನ್ 25ರಂದು ತನ್ನ ತಂಡದೊಡನೆ ಅತ್ಯಂತ ಪ್ರಸಿದ್ಧವಾದ ಧ್ವನಿಮುದ್ರಣಗಳನ್ನು ಮಾಡಿದ. ಹನ್ನೊಂದೇ ದಿನಗಳಲ್ಲಿ ಆ ತಂಡದ ಬಾಸ್ ವಾದಕ ಸ್ಕಾಟ್ ಲಫಾರೊ ಕಾರು ಅಪಘಾತದಲ್ಲಿ ಮಡಿದ. ಆ ಆಘಾತದಿಂದ ಇವಾನ್ಸ್ ತಿಂಗಳುಗಟ್ಟಲೆ ವೇದಿಕೆ ಏರಲಿಲ್ಲ. 1980ರಲ್ಲಿ ಅವನು ಅಗಲಿದಾಗ ವಯಸ್ಸು 51. ಆ ವಯಸ್ಸನ್ನು ನಾನೀಗ ದಾಟಿದ್ದೇನೆ. ತನ್ನ ಬಳಿ ಇಲ್ಲದ ಶಾಂತಿಯನ್ನೂ ಮನುಷ್ಯ ಇನ್ನೊಬ್ಬರಿಗೆ ಕೊಡಬಲ್ಲನೆಂಬುದು ನನಗೆ ದೊಡ್ಡ ವಿಸ್ಮಯ. ಕುಡಿತಕ್ಕೋ ಚಟಕ್ಕೋ ಸಿಕ್ಕಿದ ಮಗನನ್ನು ‘ಇವನಿಂದ ಏನೂ ಆಗದು’ ಎಂದು ಕೈಬಿಡುವ ಮುನ್ನ ನಾವು ಇದನ್ನು ನೆನೆಯಬೇಕು.

ಇಂದು ಮೊಬೈಲಿನಲ್ಲಿ ಗಂಟೆಗಟ್ಟಲೆ ಹರಿಯುವ ಮೃದು ಪಿಯಾನೊ ಸುಲಭವಾಗಿ ಸಿಗುತ್ತದೆ. ಅಡುಗೆ ಮಾಡುವಾಗಲೋ ಓದುವಾಗಲೋ ಅದು ಹಿನ್ನೆಲೆಯಲ್ಲಿದ್ದರೆ ತಪ್ಪಿಲ್ಲ. ಆದರೆ ವಾರಕ್ಕೊಂದು ರಾತ್ರಿಯಾದರೂ ಊಟ ಮುಗಿಸಿ, ಟಿ.ವಿ. ಆರಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಒಂದೇ ಒಂದು ಕೃತಿಯನ್ನು ಪೂರ್ತಿ ಕೇಳಿ. ಮಕ್ಕಳಿಗೆ ಎಡಗೈಯ ನಾದವನ್ನು ಗುರುತಿಸಲು ಹೇಳಿ. ಆರೂವರೆ ನಿಮಿಷ ಯಾರೂ ಮಾತನಾಡದೆ ಜೊತೆಗಿರುವುದು ಎಷ್ಟು ಮನೆಗಳಲ್ಲಿ ಉಳಿದಿದೆ?

ಪ್ರತಿ ಕುಟುಂಬದಲ್ಲೂ ಯಾರೋ ಒಬ್ಬರು ಆ ಎಡಗೈಯಾಗಿರುತ್ತಾರೆ. ಉಳಿದವರು ಸಿಡುಕಿದಾಗ, ಅಲೆದಾಗ, ಮೌನವಾಗಿ ಶ್ರುತಿ ಹಿಡಿದು ನಿಲ್ಲುವವರು ಅವರೇ. ನಿಮ್ಮ ಮನೆಯಲ್ಲಿ ಅವರು ಯಾರು? ಇಂದು ರಾತ್ರಿಯಾದರೂ ಅವರ ಕೈಗೆ ತುಸು ವಿಶ್ರಾಂತಿ ಕೊಡಿ.