ಓಗೊಡುವ ಪೆಟ್ಟಿಗೆ

ಮೊಬೈಲು ಮಾತನಾಡುವುದು ನಾವು ಮಾತನಾಡುವಾಗ ಮಾತ್ರ ಎಂದು ನೀವೂ ತಿಳಿದಿರಬಹುದು. ಇಲ್ಲ, ಸ್ವಾಮಿ! ಅದಕ್ಕೆ ಎರಡು ಗುರುತು: ಯಂತ್ರಕ್ಕೆ 15 ಅಂಕಿಗಳ ಐಎಂಇಐ, ಸಿಮ್ಮಿಗೆ ಐಎಂಎಸ್‌ಐ. ಸುಮ್ಮನಿದ್ದಾಗ ನೆಟ್‌ವರ್ಕಿಗೆ ಅದಿರುವ ಸೀಮೆಯಷ್ಟೇ ಗೊತ್ತು. ಕರೆ ಬಂದಿತೆನ್ನಿ, ಆ ಸೀಮೆಯ ಟವರುಗಳು ಕೂಗುತ್ತವೆ. ಅದೂ ಹಳೆಯ ಕಾಲದ ಗೃಹಿಣಿ ಗಂಡನ ಹೆಸರೆತ್ತದಂತೆ, ನಿಜನಾಮ ಬಿಟ್ಟು ಆಗಾಗ ಬದಲಾಗುವ ತಾತ್ಕಾಲಿಕ ಹೆಸರಿನಿಂದ. ಮೊಬೈಲು ಒಂದು ಟವರಿಗೆ ಓಗೊಡುತ್ತದೆ. ಇರುವ ಜಾಗ ಆಗ ಬಯಲು.

ಕಳೆದ ವರ್ಷ, ಮರೆವು ಹಿಡಿದ ನಮ್ಮಣ್ಣ ಒಂದು ಸಂಜೆ ಮನೆಗೆ ಬರಲಿಲ್ಲ. ಕೈಯಲ್ಲಿದ್ದುದು ಹಳೆಯ ಗುಂಡಿಯ ಫೋನು. ಮಾಡಿದರೆ ಎತ್ತಲಿಲ್ಲ; ಎತ್ತದಿದ್ದರೇನು, ಫೋನು ಓಗೊಟ್ಟಿತ್ತು. ಪೊಲೀಸರು ಹೇಳಿದ ಟವರು ಬಸವನಗುಡಿಯದು. ಅಷ್ಟು ದೊಡ್ಡ ಬಡಾವಣೆಯಲ್ಲಿ ಎಲ್ಲೆಂದು ಹುಡುಕುವುದು?

“ಕಹಳೆ ಬಂಡೆಯ ಹತ್ತಿರ ನೋಡಿ,” ಎಂದರು ಅತ್ತಿಗೆ.

ಅಲ್ಲಿದ್ದ.