ವಿನಾಯಕನ ಮನಸ್ಸು
ನವಿ ಪೇಠದಾಗ ಅಂಗಡಿ ಶಟರ್ ಎಳದು, ಗಲ್ಲಾ ಎಣಿಸಿ ಮನಿಗೆ ಬಂದು ರಾತ್ರಿ ಮತ್ತೊಮ್ಮೆ ‘ತುಂಬಾಡ್’ (2018) ಸಿನಿಮಾ ನೋಡಿದೆ. ಮಂದಿ ಅದರಾಗಿನ ಬಂಗಾರದ ದೆವ್ವ ಹಸ್ತರ್‌ಗೆ ಅಂಜತಾರ. ನನಗ ಅಂಜಿಕಿ ಬಂದಿದ್ದು ಕಥಿ ನಾಯಕ ವಿನಾಯಕನ್ನ ನೋಡಿ.

ತುಂಬಾಡ್ ಊರಿಗೆ ಹೊಳ್ಳಿ ಬರೂದಿಲ್ಲ ಅಂತ ಅವನ ಅವ್ವ ಆಣಿ ಮಾಡಿಸಿಕೊಂಡಿದ್ದಳು. 15 ವರ್ಷ ಆದಮ್ಯಾಲೆ ಅಂವಾ ಬಂದೇಬಿಟ್ಟ. ಮೈಯಾಗಿಂದ ಗಿಡ ಬೆಳದು, ಎದಿ ಇನ್ನೂ ಬಡೀತಿದ್ದ, ಹಸ್ತರ್‌ನ ಶಾಪ ತಗಲಿದ್ದ ಮುದುಕಿನ್ನ ಕಂಡು ಓಡಿ ಹೋಗಲಿಲ್ಲ, ಬಂಗಾರ ಎಲ್ಲೈತಿ ಅಂತ ಕೇಳಿದ! ಅವನ ಮನಸ್ಸು ಕೊಳೆಯಾಕ ಸುರು ಆಗಿದ್ದು ಅಲ್ಲೇ ಅಂತೀನಿ ನಾನು. ಆಮ್ಯಾಲೆ ಹಸ್ತರ್‌ಗೆ ತಿನ್ನಾಕ ಹಿಟ್ಟಿನ ಗೊಂಬಿ ಹಿಡಕೊಂಡು ಬಂಗಾರಕ್ಕಂತ ಬಾವಿಗೆ ಇಳದಂಗೆಲ್ಲಾ ಅಂಜಿಕಿ ಕಮ್ಮಿ, ಆಸೆ ಹೆಚ್ಚ. ಕಡೀಕ ಹೊಟ್ಟೀಲೆ ಹುಟ್ಟಿದ ಮಗ ಪಾಂಡುರಂಗನ್ನೂ ಇಳಿಸಿದ.

ಅಪ್ಪ ಚಾಚಿದ ಬಂಗಾರ ಪಾಂಡುರಂಗ ಮುಟ್ಟಲಿಲ್ಲ. ಬ್ಯಾಡ ಅಂದ ಆ ಹುಡುಗನ ಮುಖ ಇನ್ನೂ ಕಣ್ಣ ಮುಂದ ಐತಿ.