ನಾಲಿಗೆಗೆ ಹತ್ತಿದ ಸಿಹಿ

ಇಳಕಲ್ ಸೀಮೆಯ ಬೇಸಿಗೆ ಗೊತ್ತಲ್ಲ, ಹತ್ತು ಗಂಟೆಗೇ ಬಂಡೆ ಕಾದು ಹಂಚಾಗಿರುತ್ತದೆ. ಊರಾಚೆಯ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಾನಾಗ ಲೆಕ್ಕ ಬರೆಯುತ್ತಿದ್ದೆ. ಯಾವ ವರ್ಷವೋ, ಮಳೆ ಕೈಕೊಟ್ಟ ವರ್ಷ ಅನ್ನುವುದಷ್ಟೇ ನೆನಪು.

ಕೆಂಪು ಕಲ್ಲಿನ ಅಂಚು ಉಜ್ಜುವಲ್ಲಿ ಗ್ರೈಂಡರಿನ ಧೂಳು ಹೊಗೆಯ ಹಾಗೆ ಏಳುತ್ತಿತ್ತು. ಅಲ್ಲಿ ಹಿರಿಯನೊಬ್ಬನಿದ್ದ, ಎಲ್ಲರಿಗೂ ಕಾಕಾ. ಗಲ್ಲದ ತುಂಬ ಬಿಳಿ ಗಡ್ಡ, ಮೂಗಿಗೆ ಬಿಗಿದ ಟವೆಲ್. ಅವನ ಬುತ್ತಿಯ ಕಟಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯಲ್ಲಿ ನನಗೂ ಪಾಲಿತ್ತು. ಆ ಹಿಂಡಿಗೆ ಬೆಳ್ಳುಳ್ಳಿ ತುಸು ಹೆಚ್ಚೇ. ಅಂಥ ರುಚಿ ಮತ್ತೆ ಸಿಕ್ಕಿಲ್ಲ.

ಒಂದು ದಿನ ಮಾಸ್ಕಿನ ಡಬ್ಬ ಹೊತ್ತು ತರಬೇತಿ ಕೊಡುವ ಹೆಣ್ಣುಮಗಳೊಬ್ಬರು ಬಂದರು. ಮುಖ ಮಸುಕಾಗಿದೆ, ದನಿ ಮರೆತಿಲ್ಲ.

"ಕಣ್ಣಿಗೆ ಕಾಣದ ಧೂಳs ಎದಿಯೊಳಗ ಇಳೀತೈತ್ರಿ. ಟವೆಲ್ ಅದನ್ನ ತಡೆಯಂಗಿಲ್ಲ."

ಆ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗ ಹತ್ತಿದರೆ ವಾಸಿಯಾಗದು ಅಂದಾಗ ಎಲ್ಲರೂ ಸುಮ್ಮನಾದರು. ಕೆಮ್ಮಿ ಕೆಮ್ಮಿ ಕೆಲಸ ಬಿಟ್ಟವರ ಮುಖಗಳು ನಮಗೆಲ್ಲ ಗೊತ್ತಿದ್ದವು.

ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುತ್ತದೋ ಎಂದು ನೋಡುವ ಪರೀಕ್ಷೆಯಿತ್ತು. ಅದಕ್ಕೆ ಮೊದಲಿನ 15 ನಿಮಿಷ ಚಹಾ ಕೂಡದು ಅಂದದ್ದಕ್ಕೆ ಗೊಣಗಾಟವೋ ಗೊಣಗಾಟ. ಮೊದಲು ಮಾಸ್ಕಿಲ್ಲದೆ ಸ್ಯಾಕರಿನ್ ನೀರಿನ ರುಚಿ ತೋರಿಸಿದರು. ಆಮೇಲೆ ಎನ್-95 ಹಾಕಿಸಿ, ತಲೆಗೆ ಚೀಲದಂಥ ಮುಸುಕು ಹೊದಿಸಿ, ಅದಕ್ಕಿಂತ ಗಾಢವಾದ ಸ್ಯಾಕರಿನ್ ನೀರನ್ನು ಮಂಜಿನಂತೆ ಒಳಗೆ ಊದಿದರು. ಬಾಯಿಂದ ಉಸಿರಾಡುತ್ತ ಕತ್ತು ತಿರುಗಿಸಬೇಕು, ಬಾಗಬೇಕು, ಮಾತಾಡಬೇಕು. ಸಿಹಿ ಹತ್ತಿತೋ, ಎಲ್ಲೋ ಸಂದಿಯಿದೆ.

ಕಾಕಾ ಕೂತದ್ದೇ ತಡ, "ಯವ್ವಾ, ಬೆಲ್ಲದ ಪಾನಕ ಕುಡದಂಗಾತು!" ಅಂದ.

ಗಡ್ಡದ ಕೂದಲ ನಡುವೆ ಗಾಳಿ ನುಗ್ಗುತ್ತಿತ್ತು. ಸಣ್ಣ ಕಣಗಳನ್ನು ನೂರಕ್ಕೆ 95 ಪಾಲು ತಡೆಯುವ ಮಾಸ್ಕಾದರೇನು, ಉಸಿರು ಸುಲಭದ ದಾರಿಯನ್ನೇ ಹಿಡಿಯುತ್ತದೆ. ಇನ್ನೊಬ್ಬ ಹುಡುಗನ ಎರಡೂ ಪಟ್ಟಿ ಕತ್ತಿಗೇ ಬಿದ್ದಿದ್ದವು. ಒಂದನ್ನು ನೆತ್ತಿಗೆ, ಇನ್ನೊಂದನ್ನು ಕಿವಿಯ ಕೆಳಗೆ ಸರಿಸಿ, ಮೂಗಿನ ತಂತಿಯನ್ನು ಎರಡೂ ಕೈಯ ಬೆರಳುಗಳಿಂದ ಒತ್ತಿದ ಮೇಲೆ ಅವನಿಗೆ ಸಿಹಿ ನಿಂತಿತು. ಮಾಸ್ಕ್ ಕಡೆಯ ಕಾವಲು, ಮೊದಲು ಕಲ್ಲಿಗೆ ನೀರು ಬಿಟ್ಟು ಧೂಳು ಕೂರಿಸಿ ಎಂದು ಆಕೆ ಮಾಲೀಕರಿಗೂ ಹೇಳಿದರು. ಆ ನೀರಿನ ಪೈಪು ಬರಲು ಎಷ್ಟೋ ತಿಂಗಳು ಹಿಡಿಯಿತು. ಅದನ್ನು ನೆನೆದರೆ ಈಗಲೂ ಸಂಕಟ.

ಕಾಕಾನ ಗಡ್ಡ ಹರಕೆಯದೋ ರೂಢಿಯದೋ, ಕೇಳಿದ ನೆನಪಿಲ್ಲ. ಮರುದಿನ ನುಣ್ಣಗೆ ಬೋಳಿಸಿಕೊಂಡು ಬಂದ.

"ಮೊಮ್ಮಗ ಗುರುತs ಹಿಡೀಲಿಲ್ಲ ನೋಡಪಾ" ಅಂದ ನನಗೆ.

ಮತ್ತೆ ಮುಸುಕು, ಮತ್ತೆ ಮಂಜು. ಬಹಳ ಹೊತ್ತು ಕೂತ.

"ಏನರ ಹತ್ತಿತೇನ್ರಿ, ಕಾಕಾ?"

"ಇಲ್ಲ ಬಿಡವ್ವಾ. ಇವತ್ತು ಬರೇ ಸಪ್ಪಗೈತಿ."